ಅರಿಶಿನದ ಹಳದಿ: ಪುಣೆಯ ಕನ್ನಡ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಸಂಕ್ರಾಂತಿಯಿಂದ ರಥಸಪ್ತಮಿವರೆಗೆ ಪುಣೆಯಲ್ಲಿ ಹಳದಿ-ಕುಂಕುಮದ ಕರೆಗಳಿಗೆ ಬಿಡುವೇ ಇರುವುದಿಲ್ಲ. ಕೋಥರೂಡ್‌ನಿಂದ ಹಡಪಸರದವರೆಗೆ ಹರಡಿಕೊಂಡಿರುವ ನಮ್ಮ ಕನ್ನಡ ಮನೆಗಳಲ್ಲೂ ಅಷ್ಟೇ. ನಾನು ಓದಿದ್ದು ರಸಾಯನಶಾಸ್ತ್ರ. ಹಾಗಾಗಿ ಅರಿಶಿನದ ಬಟ್ಟಲು ಮುಂದೆ ಬಂದ ಕೂಡಲೇ ಯಾರಾದರೂ ಏನಾದರೊಂದು ಕೇಳುತ್ತಾರೆ. ಬಾಗಿಲಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತಾ ಕೊಟ್ಟ ಉತ್ತರ ಯಾವತ್ತೂ ಅರ್ಧವೇ. ಅದಕ್ಕೇ ಇಲ್ಲಿ ಪೂರ್ತಿ ಬರೆದಿದ್ದೇನೆ. ಈ ಹಳದಿಯ ಸ್ವಭಾವ ಒಮ್ಮೆ ಗೊತ್ತಾದರೆ, ಕಲೆ ತೆಗೆಯುವುದರಿಂದ ಹಿಡಿದು ಕ್ಯಾಪ್ಸೂಲ್ ಕೊಳ್ಳಬೇಕೋ ಬೇಡವೋ ಎನ್ನುವವರೆಗೆ ನೀವೇ ತೀರ್ಮಾನ ಮಾಡಬಹುದು.

ಅರಿಶಿನಕ್ಕೆ ಆ ಬಣ್ಣ ಕೊಡುವುದು ಯಾವುದು?

ಕರ್ಕ್ಯುಮಿನ್ ಎಂಬ ವಸ್ತು. ಅದರ ಜೊತೆ ಅದನ್ನೇ ಹೋಲುವ ಇನ್ನೆರಡು ವಸ್ತುಗಳೂ ಇರುತ್ತವೆ. ಮೂರನ್ನೂ ಸೇರಿಸಿ ಕರ್ಕ್ಯುಮಿನಾಯ್ಡ್‌ಗಳು ಅನ್ನುತ್ತಾರೆ. ಒಣಗಿದ ಅರಿಶಿನದಲ್ಲಿ ಇವು ಸಾಮಾನ್ಯವಾಗಿ 2ರಿಂದ 5 ಶೇಕಡಾ ಮಾತ್ರ. ಉಳಿದದ್ದು ಹೆಚ್ಚಾಗಿ ಪಿಷ್ಟ ಮತ್ತು ನಾರು. ಸ್ವಲ್ಪ ಸುವಾಸನೆಯ ಎಣ್ಣೆಯೂ ಇರುತ್ತದೆ. ಮೇಘಾಲಯದ ಲಾಕಡಾಂಗ್ ಅರಿಶಿನದಲ್ಲಿ ಬಣ್ಣ ಇದಕ್ಕಿಂತ ಜಾಸ್ತಿ, ಸುಮಾರು 7 ಶೇಕಡಾ.

ಈ ಬಣ್ಣವನ್ನು ಮೊದಲು ಬೇರ್ಪಡಿಸಿದ್ದು 1815ರಲ್ಲಿ, ಫೋಗೆಲ್ ಮತ್ತು ಪೆಲೆಟಿಯೆ ಎಂಬ ಇಬ್ಬರು ವಿಜ್ಞಾನಿಗಳು. ಅದರ ಅಣುವಿನ ರಚನೆ ತಿಳಿಯಲು 1910ರವರೆಗೆ ಕಾಯಬೇಕಾಯಿತು. 21 ಇಂಗಾಲ, 20 ಜಲಜನಕ, 6 ಆಮ್ಲಜನಕದ ಪರಮಾಣುಗಳು ಸೇರಿದ ಉದ್ದನೆಯ ಅಣು ಅದು. ಬೆಳಕಿನಲ್ಲಿರುವ ನೀಲಿ-ನೇರಳೆ ಭಾಗವನ್ನು ಅದು ಹೀರಿಕೊಳ್ಳುತ್ತದೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುತ್ತದೆ.

ಒಂದು ವಿಷಯ ನೆನಪಿರಲಿ. ಅರಿಶಿನದ ವಾಸನೆ ಬರುವುದು ಈ ಬಣ್ಣದಿಂದ ಅಲ್ಲ, ಅದರೊಳಗಿನ ಎಣ್ಣೆಯಿಂದ. ಘಮ ಜಾಸ್ತಿ ಇದ್ದ ಮಾತ್ರಕ್ಕೆ ಬಣ್ಣ ಜಾಸ್ತಿ ಇದೆ ಅಂದುಕೊಳ್ಳಬೇಡಿ.

ನೀರಿಗೆ ಹಾಕಿದರೆ ತಳದಲ್ಲಿ ಕೂರುತ್ತದೆ. ಒಗ್ಗರಣೆಗೆ ಹಾಕಿದರೆ ಇಡೀ ಪಲ್ಯ ಹಳದಿ. ಯಾಕೆ?

ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ ಅಂತಲೇ ಹೇಳಬಹುದು. ಎಣ್ಣೆ, ತುಪ್ಪ, ಸ್ಪಿರಿಟ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಕಾಂದೆ ಪೋಹೆ ಮಾಡುವಾಗ ಅರಿಶಿನವನ್ನು ಒಗ್ಗರಣೆಯ ಎಣ್ಣೆಗೇ ಹಾಕುತ್ತೇವೆ, ಅಲ್ವಾ? ಆಗ ಚಿಟಿಕೆ ಪುಡಿ ಸಾಕು, ಅವಲಕ್ಕಿಯ ಒಂದೊಂದು ಎಸಳಿಗೂ ಬಣ್ಣ ಹತ್ತುತ್ತದೆ. ಅದೇ ಪುಡಿಯನ್ನು ಕೊನೆಗೆ ಮೇಲೆ ಉದುರಿಸಿದರೆ ಅಲ್ಲಲ್ಲಿ ಗಂಟಾಗಿ ನಿಲ್ಲುತ್ತದೆ.

ಮಕ್ಕಳಿಗೆ ತೋರಿಸಲು ಒಂದು ಚಂದದ ಪ್ರಯೋಗ ಇದೆ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿ ಸ್ವಲ್ಪ ಅರಿಶಿನ ಕಲಕಿ, ಮೇಲಿನ ತಿಳಿಯನ್ನು ಬೇರೆ ಮಾಡಿ. ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಬಿಡಿ. ಆ ತಿಳಿ ಹಸಿರು-ಹಳದಿಯಾಗಿ ಹೊಳೆಯುತ್ತದೆ. ಟಾರ್ಚನ್ನು ಕಣ್ಣಿಗೆ ಬಿಡಬಾರದು. ಸ್ಯಾನಿಟೈಸರ್ ಇರುವಾಗ ಹತ್ತಿರ ದೀಪ, ಒಲೆ ಇರಬಾರದು. ದೊಡ್ಡವರು ಜೊತೆಗಿರಿ.

ಢೋಕ್ಲಾದಲ್ಲಿ ಕೆಂಪು ಚುಕ್ಕೆ ಬಿತ್ತು. ಹಿಟ್ಟು ಕೆಟ್ಟಿದೆಯೇ?

ಇಲ್ಲ, ತಿನ್ನಬಹುದು. ಸೋಡಾ ಸರಿಯಾಗಿ ಬೆರೆಯದೆ ಒಂದೇ ಕಡೆ ನಿಂತಿದೆ. ಅರಿಶಿನ ಹುಳಿಯಲ್ಲಿ ಹಳದಿಯಾಗಿಯೇ ಇರುತ್ತದೆ. ಸೋಡಾ, ಸುಣ್ಣ, ಸೋಪಿನಂಥ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಬಟ್ಟೆಯ ಅರಿಶಿನದ ಕಲೆಗೆ ಸೋಪು ಹಚ್ಚಿದ ಕೂಡಲೇ ಅದು ರಕ್ತದ ಕಲೆಯ ಹಾಗೆ ಕಾಣುವುದೂ ಇದರಿಂದಲೇ. ಏಳನೇ ತರಗತಿಯ ವಿಜ್ಞಾನದಲ್ಲಿ ಅರಿಶಿನದ ಕಾಗದದಿಂದ ಆಮ್ಲ, ಕ್ಷಾರ ಗುರುತಿಸುವ ಪಾಠ ಇದೆಯಲ್ಲ, ಅದೂ ಇದೇ.

ಮುಂದಿನ ಸಲ ಅರಿಶಿನ ಸ್ವಲ್ಪ ಕಡಿಮೆ ಹಾಕಿ. ಸೋಡಾವನ್ನು ನೀರಲ್ಲಿ ಕರಗಿಸಿ ಬೆರೆಸಿ. ನಿಂಬೆರಸ ಸಾಕಷ್ಟು ಇರಲಿ.

ಓಕುಳಿಯ ಕೆಂಪು, ಕುಂಕುಮದ ಕೆಂಪು ಎರಡೂ ಒಂದೇನಾ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಎರಡೂ ಅರಿಶಿನದಿಂದಲೇ ಹುಟ್ಟುತ್ತವೆ, ಆದರೆ ಹುಟ್ಟುವ ದಾರಿ ಬೇರೆ.

ಮದುವೆ, ಸೀಮಂತ, ಮಗು ಮನೆಗೆ ಬರುವ ದಿನ, ಎಲ್ಲಕ್ಕೂ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಸೇರಿಸಿ ಓಕುಳಿ ಮಾಡುತ್ತೇವೆ. ಸುಣ್ಣ ಕ್ಷಾರ, ಹಾಗಾಗಿ ನೀರು ಕೆಂಪು. ಈ ಕೆಂಪು ಖಾಯಂ ಅಲ್ಲ. ಅದೇ ತಟ್ಟೆಗೆ ನಿಂಬೆಹಣ್ಣು ಹಿಂಡಿ ನೋಡಿ, ಮತ್ತೆ ಹಳದಿಯಾಗುತ್ತದೆ.

ಹಳೆಯ ರೀತಿಯ ಕುಂಕುಮ ಮಾಡುವಾಗ ಅರಿಶಿನದ ತುಂಡುಗಳನ್ನು ನಿಂಬೆರಸ, ಬಿಳಿಗಾರ, ಪಟಿಕದಲ್ಲಿ ನೆನೆಸಿ, ಒಣಗಿಸಿ, ಕುಟ್ಟುತ್ತಾರೆ. ಬಿಳಿಗಾರ ಅಂದರೆ ಇಲ್ಲಿಯ ಅಂಗಡಿಗಳಲ್ಲಿ ಟಂಕಣಖಾರ. ನಿಂಬೆ ಹುಳಿ ಇದ್ದೂ ಕುಂಕುಮ ಕೆಂಪಾಗುವುದು ಹೇಗೆ? ಬಿಳಿಗಾರದಲ್ಲಿ ಬೋರಾನ್ ಇದೆ. ಹುಳಿಯ ಸಮ್ಮುಖದಲ್ಲಿ ಬೋರಾನ್ ಮತ್ತು ಕರ್ಕ್ಯುಮಿನ್ ಸೇರಿ ಬೇರೆಯೇ ಒಂದು ಕೆಂಪು ವಸ್ತುವಾಗುತ್ತದೆ. ಹೀಗಾಗಿ ಅದು ಹುಳಿಗೆ ಹೆದರುವುದಿಲ್ಲ. ಇದೇ ಗುಣವನ್ನು ಬಳಸಿ ಪ್ರಯೋಗಾಲಯಗಳಲ್ಲಿ ಬೋರಾನ್ ಇದೆಯೇ ಅಂತ ಪತ್ತೆ ಮಾಡುತ್ತಾರೆ. ನಮ್ಮ ಅಜ್ಜಿಯರು ಪುಸ್ತಕ ನೋಡದೆ ಈ ಕೆಲಸ ಸರಿಯಾದ ಅಳತೆಯಲ್ಲಿ ಮಾಡುತ್ತಿದ್ದರು. ಅದನ್ನು ನಾನು ತುಂಬು ಗೌರವದಿಂದ ನೆನೆಯುತ್ತೇನೆ.

ಇವತ್ತು ಪೇಟೆಯಲ್ಲಿ ಸಿಗುವ ಅಗ್ಗದ ಕುಂಕುಮದಲ್ಲಿ ಬಹಳಷ್ಟು ಕೃತಕ ಬಣ್ಣದ್ದು. ಹಣೆ ತುರಿಸಿದರೆ, ಕಪ್ಪಾದರೆ ತಕ್ಷಣ ನಿಲ್ಲಿಸಿ. ಬಿಳಿಗಾರ ಹಾಕಿದ ಕುಂಕುಮವನ್ನು ಬಾಯಿಗೆ ಹಾಕುವಂತಿಲ್ಲ. ಪುಟ್ಟ ಮಕ್ಕಳ ಕೈಗೆ ಸಿಗದಂತೆ ಇಡಿ.

ಬಿಳಿ ಅಂಗಿಯ ಮೇಲೆ ಮಿಸಳ್ ಚೆಲ್ಲಿತು. ಏನು ಮಾಡಲಿ?

ಮೊದಲು ಚಮಚದಿಂದ ಕೆರೆದು ತೆಗೆಯಿರಿ, ತಿಕ್ಕಬೇಡಿ. ಕಲೆಯಲ್ಲಿ ಎಣ್ಣೆ ಇರುವುದರಿಂದ ಪಾತ್ರೆ ತೊಳೆಯುವ ದ್ರವ ಹಚ್ಚಿ, ತಣ್ಣೀರಲ್ಲಿ ತೊಳೆಯಿರಿ. ಕೆಂಪಾದರೆ ಗಾಬರಿಯಾಗಬೇಡಿ, ಸೋಪು ಪೂರ್ತಿ ಹೋದ ಮೇಲೆ ಮತ್ತೆ ಹಳದಿಯಾಗುತ್ತದೆ. ಆಮೇಲೆ ಒದ್ದೆ ಬಟ್ಟೆಯನ್ನೇ ನೇರ ಬಿಸಿಲಿಗೆ ಹರವಿ. ಕರ್ಕ್ಯುಮಿನ್ ಬಿಸಿಲಿಗೆ ತಾಳುವುದಿಲ್ಲ, ಅದರ ಅಣು ಒಡೆಯುತ್ತದೆ. ಏಪ್ರಿಲ್ ಬಿಸಿಲಾದರೆ ಸಂಜೆಯೊಳಗೆ ಕಲೆ ಬಹಳಷ್ಟು ಮಾಸುತ್ತದೆ. ಜುಲೈನಲ್ಲಿ ಪುಣೆಯ ಬಿಸಿಲು ನಂಬುವಂತಿಲ್ಲ. ಆಗ ಬಟ್ಟೆಯನ್ನು ಹಾಗೇ ಎತ್ತಿಟ್ಟು, ಬಿಸಿಲು ಬಂದ ದಿನ ಮತ್ತೆ ಹಾಕಿ. ಕಲೆ ಇರುವಾಗ ಇಸ್ತ್ರಿ ಮಾತ್ರ ಬೇಡ.

ಪ್ಲಾಸ್ಟಿಕ್ ಡಬ್ಬಿ, ಮಿಕ್ಸಿ ಜಾರಿನ ಮುಚ್ಚಳಕ್ಕೂ ಇದೇ ಮದ್ದು.

ಇದರಿಂದ ಮನೆಯಲ್ಲೇ ಬಟ್ಟೆಗೆ ಬಣ್ಣ ಹಾಕಬಹುದಾ?

ಖಂಡಿತ. ನೈಸರ್ಗಿಕ ಬಣ್ಣಗಳಲ್ಲಿ ಹೊಸಬರಿಗೆ ಇಷ್ಟು ಸುಲಭವಾದದ್ದು ಕಡಿಮೆ. ಹೆಚ್ಚಿನ ಗಿಡದ ಬಣ್ಣಗಳು ಬಟ್ಟೆಗೆ ಹಿಡಿಯಲು ಪಟಿಕದಂಥ ಒಂದು ಹಿಡಿತ ಬೇಕು. ಅರಿಶಿನಕ್ಕೆ ಅದಿಲ್ಲದೆಯೂ ಆಗುತ್ತದೆ. ಹತ್ತಿ, ರೇಷ್ಮೆ, ಉಣ್ಣೆ ಮೂರಕ್ಕೂ ನೇರವಾಗಿ ಹತ್ತುತ್ತದೆ.

ನೂರು ಗ್ರಾಂ ಹತ್ತಿ ಬಟ್ಟೆಗೆ 20ರಿಂದ 30 ಗ್ರಾಂ ಪುಡಿ ತೆಗೆದುಕೊಳ್ಳಿ. ಹೊಸ ಬಟ್ಟೆಯಾದರೆ ಮೊದಲು ಸೋಪು ನೀರಲ್ಲಿ ಕುದಿಸಿ ಗಂಜಿ ತೆಗೆಯಿರಿ, ಸೋಪಿನ ಅಂಶ ಉಳಿಯದ ಹಾಗೆ ತೊಳೆಯಿರಿ. ಬಟ್ಟೆ ಮುಳುಗುವಷ್ಟು ನೀರಲ್ಲಿ ಪುಡಿಯನ್ನು ಅರ್ಧ ಗಂಟೆ ಕುದಿಸಿ ಸೋಸಿ. ಒದ್ದೆ ಬಟ್ಟೆ ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ತಿರುಗಿಸುತ್ತಾ ಇರಿ. ನೆರಳಲ್ಲಿ ಒಣಗಿಸಿ. ಪಟಿಕದ ನೀರಲ್ಲಿ ಮೊದಲೇ ನೆನೆಸಿದ್ದರೆ ಒಗೆತಕ್ಕೆ ಸ್ವಲ್ಪ ಜಾಸ್ತಿ ನಿಲ್ಲುತ್ತದೆ. ನೀಲಿ ಬಣ್ಣ ಹಾಕಿದ ಬಟ್ಟೆಯ ಮೇಲೆ ಅರಿಶಿನ ಹಾಕಿದರೆ ಹಸಿರು ಬರುತ್ತದೆ. ಹಿಂದಿನ ಬಣ್ಣಗಾರರು ಹಸಿರು ಪಡೆಯುತ್ತಿದ್ದ ಒಂದು ದಾರಿ ಅದು.

ಆದರೆ ಬಿಸಿಲಿಗೆ ಇದು ನಿಲ್ಲುವುದಿಲ್ಲ. ಕಿಟಕಿಯ ಪರದೆಗೆ, ದಿನಾ ಉಡುವ ಸೀರೆಗೆ ಬೇಡ. ಕರವಸ್ತ್ರ, ಪೂಜೆಯ ಬಟ್ಟೆಗೆ ಸರಿ. ಹಳದಿ ಬಾಳಿಕೆ ಬರಬೇಕಾದರೆ ದಾಳಿಂಬೆ ಸಿಪ್ಪೆ ಅಥವಾ ಚೆಂಡುಹೂವನ್ನು ಪಟಿಕದ ಜೊತೆ ಬಳಸಿ. ದಸರೆಯ ಮರುದಿನ ಪುಣೆಯ ಬೀದಿಗಳಲ್ಲಿ ಎಷ್ಟು ಚೆಂಡುಹೂ ಕಸಕ್ಕೆ ಹೋಗುತ್ತದೆ ನೋಡಿದ್ದೀರಲ್ಲ. ಒಣಗಿಸಿಟ್ಟರೆ ವರ್ಷವಿಡೀ ಬಣ್ಣ ಆಗುತ್ತದೆ.

ಪುಡಿ ಕೊಳ್ಳಬೇಕಾ, ಕೊಂಬು ಕೊಳ್ಳಬೇಕಾ? ಕಲಬೆರಕೆ ಹೇಗೆ ಗೊತ್ತಾಗುತ್ತದೆ?

ಕೊಂಬು ಕೊಳ್ಳಿ. ಇಲ್ಲಿ ಅದನ್ನು ಹಳಕುಂಡ ಅಂತ ಕೇಳಬೇಕು. ಫೆಬ್ರವರಿಯಿಂದ ಮೇವರೆಗೆ ಹೊಸ ಮಾಲು ಬರುತ್ತದೆ. ಮಾರ್ಕೆಟ್ ಯಾರ್ಡ್‌ನ ಭೂಸಾರ (ಕಾಳುಕಡ್ಡಿ, ದಿನಸಿ) ಅಂಗಡಿಗಳಲ್ಲಿ, ರವಿವಾರ ಪೇಠೆಯಲ್ಲಿ ಸಾಂಗ್ಲಿಯ ಅರಿಶಿನ ಸಿಗುತ್ತದೆ. ಸಾಂಗ್ಲಿ ಅರಿಶಿನಕ್ಕೆ 2018ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಅಲ್ಲಿ ಹರಿಪುರದಲ್ಲಿ ನೆಲದೊಳಗೆ ಪೇವು ತೋಡಿ ಅರಿಶಿನ ಕಾಪಾಡುವ ಹಳೆಯ ಪದ್ಧತಿ ಇತ್ತು. ನಮ್ಮ ಕಡೆಯ ಹಗೇವಿನ ಹಾಗೆಯೇ. ಊರಿಗೆ ಹೋಗುವ ರೈಲು ಮೀರಜ್ ಮೇಲೇ ಹೋಗುವುದರಿಂದ ಅಲ್ಲಿಂದ ತರಿಸಿಕೊಳ್ಳುವವರೂ ಇದ್ದಾರೆ. ಕೊಂಬು ಒಡೆದು, ಎರಡು ದಿನ ಒಣಗಿಸಿ, ಮಿರಚಿ ಕಾಂಡಪ ಮಾಡುವ ಗಿರಣಿಗೆ ಕೊಡಿ. ಮೆಣಸಿನಕಾಯಿ ಕುಟ್ಟಿದ ಮೇಲೆ ಯಂತ್ರ ಒರೆಸಲು ಹೇಳುವುದು ಮರೆಯಬೇಡಿ.

ಕಲಬೆರಕೆಯಲ್ಲಿ ಎರಡು ಹೆಸರು ಮುಖ್ಯ. ಒಂದು ಮೆಟಾನಿಲ್ ಯೆಲ್ಲೋ ಎಂಬ ಕೃತಕ ಬಣ್ಣ. ಇನ್ನೊಂದು ಲೆಡ್ ಕ್ರೋಮೇಟ್, ಅಂದರೆ ಸೀಸ ಇರುವ ಹಳದಿ. ಎರಡನೆಯದು ನಿಜಕ್ಕೂ ಭಯಪಡಬೇಕಾದದ್ದು. ಸೀಸ ಮಕ್ಕಳ ಮೆದುಳಿಗೆ ಪೆಟ್ಟು ಕೊಡುತ್ತದೆ, ಆ ಹಾನಿ ಮತ್ತೆ ಸರಿಹೋಗುವುದಿಲ್ಲ. ಮಂಕಾದ ಕೊಂಬು ಫಳಫಳ ಹೊಳೆಯಲಿ ಅಂತ ಇದನ್ನು ಸವರುತ್ತಾರೆ. ಹೀಗಾಗಿ ಕೊಂಬು ಕೊಂಡರೂ ಕಣ್ಣಿಟ್ಟಿರಬೇಕು. ಬಾಂಗ್ಲಾದೇಶದಲ್ಲಿ ಇದೇ ಪಿಡುಗು ಇತ್ತು. 2019ರಲ್ಲಿ ಅಲ್ಲಿಯ ಸರಕಾರ ದಾಳಿ, ದಂಡ, ಪ್ರಚಾರ ಎಲ್ಲ ಒಟ್ಟಿಗೆ ಮಾಡಿತು. 2021ರ ಹೊತ್ತಿಗೆ ಪರೀಕ್ಷಿಸಿದ ಮಾದರಿಗಳಲ್ಲಿ ಅದು ಕಾಣಲಿಲ್ಲ. ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಸುಲಭ. ಗಾಜಿನ ಲೋಟದ ನೀರಿಗೆ ಇಡೀ ಕೊಂಬು ಹಾಕಿ. ಒಳ್ಳೆಯದಾದರೆ ಬಣ್ಣ ಬಿಡುವುದಿಲ್ಲ. ಸವರಿದ ಬಣ್ಣವಾದರೆ ತಕ್ಷಣ ನೀರಿಗೆ ಇಳಿಯುತ್ತದೆ. ಪುಡಿಯಾದರೆ ಒಂದು ಚಮಚ ಹಾಕಿ ಅಲ್ಲಾಡಿಸದೆ ಬಿಡಿ. ಒಳ್ಳೆಯ ಪುಡಿ ತಳಕ್ಕೆ ಕೂತು ನೀರು ತಿಳಿ ಹಳದಿಯಾಗಿ ಉಳಿಯುತ್ತದೆ. ಆಸಿಡ್ ಹಾಕಿ ನೋಡುವ ಪರೀಕ್ಷೆ ಪ್ರಯೋಗಾಲಯಕ್ಕೆ ಬಿಡಿ. ಆಸಿಡ್ ಹಾಕಿದಾಗ ಶುದ್ಧ ಅರಿಶಿನವೂ ಮೊದಲು ಗುಲಾಬಿಯಾಗುತ್ತದೆ, ನೀರು ಸೇರಿಸಿದಾಗ ಆ ಬಣ್ಣ ಹೋಗುತ್ತದೆ. ಮೆಟಾನಿಲ್ ಯೆಲ್ಲೋ ಇದ್ದರೆ ಹೋಗುವುದಿಲ್ಲ. ಗೊತ್ತಿಲ್ಲದವರು ಒಳ್ಳೆಯ ಪುಡಿಯನ್ನೇ ಕಲಬೆರಕೆ ಅಂದುಬಿಡುತ್ತಾರೆ.

ಜೇಜುರಿಯಿಂದ ತಂದ ಭಂಡಾರವನ್ನು ಅಡುಗೆಗೆ ಹಾಕಬಹುದಾ?

ದಯವಿಟ್ಟು ಬೇಡ. ನಮ್ಮ ಮೈಲಾರಲಿಂಗನೇ ಇಲ್ಲಿ ಖಂಡೋಬಾ. ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ ಜೇಜುರಿಗೆ ಸೋಮವತಿ ಅಮಾವಾಸ್ಯೆಯಂದು ಹೋದರೆ ಮೆಟ್ಟಿಲು, ಗೋಡೆ, ಜನ ಎಲ್ಲವೂ ಹಳದಿ. ‘ಏಳುಕೋಟಿ ಏಳುಕೋಟಿಗೋ’ ಅನ್ನುವ ನಮ್ಮ ಕಡೆಯ ಭಕ್ತರ ದನಿಯೂ ಅಲ್ಲಿ ಕೇಳುತ್ತದೆ. ಆ ಭಂಡಾರ ಹಣೆಗೆ, ದೇವರಿಗೆ. ಎಸೆಯಲು ಮಾರುವ ಪುಡಿಯನ್ನು ತಿನ್ನುವ ಪದಾರ್ಥದ ಕಟ್ಟುನಿಟ್ಟಿನಲ್ಲಿ ತಯಾರಿಸಿರುತ್ತಾರೆ ಅನ್ನಲು ಆಗುವುದಿಲ್ಲ. ಇನ್ನೊಂದು ಮಾತು: ಗಾಳಿಯಲ್ಲಿ ತೇಲುವ ಯಾವುದೇ ನುಣ್ಣನೆಯ ಪಿಷ್ಟದ ಪುಡಿಗೆ ಬೆಂಕಿ ತಗುಲಿದರೆ ಭಗ್ಗನೆ ಹತ್ತಬಹುದು. ಉರಿಯುವ ದೀಪ, ಕರ್ಪೂರದ ಕಡೆಗೆ ಎಸೆಯಬೇಡಿ. ಆಸ್ತಮಾ ಇರುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಪ್ಯಾಕೆಟ್ ಮೇಲೆ ‘ಐಎನ್‌ಎಸ್ 100’ ಅಂತ ಇರುತ್ತದಲ್ಲ?

ಅದು ಇದೇ ಹಳದಿ. ಯುರೋಪಿನ ಪ್ಯಾಕೆಟ್‌ಗಳಲ್ಲಿ ‘ಇ 100’ ಅಂತ ಇರುತ್ತದೆ. ಐಸ್‌ಕ್ರೀಮ್, ಸಾಸಿವೆ ಸಾಸ್‌ಗಳಲ್ಲಿ ಕಾಣಬಹುದು. 102 ಅಂತ ಇದ್ದರೆ ಅದು ಟಾರ್ಟ್ರಾಜಿನ್, ಕೃತಕ ಹಳದಿ.

ಕುಕ್ಕರ್‌ನಲ್ಲಿ ಕೂಗಿಸಿದರೆ ಕರ್ಕ್ಯುಮಿನ್ ಹಾಳಾಗುವುದಿಲ್ಲವಾ?

ಒಂದಿಷ್ಟು ಹಾಳಾಗುತ್ತದೆ. ಇದನ್ನು ಅಳೆದು ನೋಡಿದವರು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು. ಬೇಯಿಸಿದಾಗ 27ರಿಂದ 53 ಶೇಕಡಾದಷ್ಟು ಕಡಿಮೆಯಾಯಿತು. ಕುಕ್ಕರ್‌ನಲ್ಲಿ ನಷ್ಟ ಎಲ್ಲಕ್ಕಿಂತ ಜಾಸ್ತಿ. ಆದರೆ ಹುಣಸೆಹುಳಿ ಜೊತೆಗಿದ್ದಾಗ ನಷ್ಟ 12ರಿಂದ 30 ಶೇಕಡಾಕ್ಕೆ ಇಳಿಯಿತು. ಹಾಗಾಗಿ ಬೇಳೆ ಕೂಗಿಸುವಾಗಲೇ ಪೂರ್ತಿ ಅರಿಶಿನ ಹಾಕುವ ಬದಲು, ಹುಣಸೆರಸ ಹಾಕಿ ಸಾರು ಕುದಿಸುವಾಗ ಹಾಕಿ. ಬಣ್ಣವೂ ಚೆಂದ ಬರುತ್ತದೆ.

ಕರ್ಕ್ಯುಮಿನ್ ಕ್ಯಾಪ್ಸೂಲ್ ತಿನ್ನಬೇಕಾ? ಎಲ್ಲ ಕಾಯಿಲೆಗೂ ಒಳ್ಳೆಯದಂತೆ.

ನನ್ನ ಅಭಿಪ್ರಾಯ: ಡಾಕ್ಟರ್ ಹೇಳದೆ ಬೇಡ.

ತಿಂದ ಕರ್ಕ್ಯುಮಿನ್‌ನಲ್ಲಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಕರುಳು ಮತ್ತು ಲಿವರ್ ಅದನ್ನು ಬೇಗ ಬದಲಾಯಿಸಿ ಹೊರಗೆ ಕಳಿಸುತ್ತವೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಜೀವಕೋಶಗಳ ಮೇಲೆ ಕಂಡ ಗುಣ ಮೈಯೊಳಗೂ ಕಾಣಬೇಕಾಗಿಲ್ಲ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ಒಂದು ತಂಡ ಅಲ್ಲಿಯವರೆಗಿನ 120ಕ್ಕೂ ಜಾಸ್ತಿ ಪ್ರಯೋಗಗಳನ್ನು ಗಮನಕ್ಕೆ ತೆಗೆದುಕೊಂಡು ಬರೆಯಿತು. ಕಟ್ಟುನಿಟ್ಟಾಗಿ ನಡೆದ ಯಾವ ಪ್ರಯೋಗದಲ್ಲೂ ಕರ್ಕ್ಯುಮಿನ್ ಗೆದ್ದಿಲ್ಲ ಎಂಬುದು ಅವರ ಮಾತು.

ಲೆಕ್ಕ ಹಾಕಿ ನೋಡಿ. ಆಹಾರದ ಬಣ್ಣಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ತಜ್ಞರ ಸಮಿತಿ ದಿನಕ್ಕೆ, ಮೈತೂಕದ ಒಂದು ಕಿಲೋಗೆ 3 ಮಿಲಿಗ್ರಾಂವರೆಗೆ ಅಂತ ಮಿತಿ ಹಾಕಿದೆ. 60 ಕಿಲೋ ತೂಕದವರಿಗೆ 180 ಮಿಲಿಗ್ರಾಂ. ಒಂದು ಟೀ ಚಮಚ ಅರಿಶಿನ ಸುಮಾರು 3 ಗ್ರಾಂ. ಅದರಲ್ಲಿ 3 ಶೇಕಡಾ ಬಣ್ಣ ಅಂದರೆ 90 ಮಿಲಿಗ್ರಾಂ. ನಮ್ಮ ಅಡುಗೆಯಲ್ಲಿ ಒಬ್ಬರ ಪಾಲಿಗೆ ಅಷ್ಟೂ ಬರುವುದಿಲ್ಲ. 95 ಶೇಕಡಾ ಸಾರ ಇರುವ 500 ಮಿಲಿಗ್ರಾಂನ ಒಂದೇ ಕ್ಯಾಪ್ಸೂಲ್‌ನಲ್ಲಿ 475 ಮಿಲಿಗ್ರಾಂ! ಇಟಲಿಯಲ್ಲಿ 2019ರಲ್ಲಿ ಇಂಥ ಪೂರಕಗಳನ್ನು ತಿಂದ ಕೆಲವರಿಗೆ ಲಿವರ್ ಊತ ಬಂದದ್ದು ವರದಿಯಾಗಿತ್ತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲು ಇರುವವರು, ಬಸುರಿಯರು ಇನ್ನೂ ಎಚ್ಚರವಾಗಿರಬೇಕು. ಸಾರಿಗೆ, ಪಲ್ಯಕ್ಕೆ ಹಾಕುವ ಅರಿಶಿನದ ಬಗ್ಗೆ ಇಂಥ ಯಾವ ಹೆದರಿಕೆಯೂ ಬೇಡ.

ಅರಿಶಿನದ ಹಾಲಿಗೆ ಕರಿಮೆಣಸು ಹಾಕಬೇಕು ಅನ್ನುತ್ತಾರಲ್ಲ?

ಅದರ ಹಿಂದೆ ಬೆಂಗಳೂರಿನದೇ ಕೆಲಸ ಇದೆ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು ಕೆಲವರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಜೊತೆಗೆ ಕೊಟ್ಟಾಗ ರಕ್ತಕ್ಕೆ ಸೇರುವುದು 2000 ಶೇಕಡಾ ಹೆಚ್ಚಿತು. ಕೇಳಲು ದೊಡ್ಡ ಸಂಖ್ಯೆ. ಆದರೆ ಮೊದಲಿದ್ದದ್ದೇ ಅತಿ ಸ್ವಲ್ಪ ಅನ್ನುವುದು ನೆನಪಿರಲಿ. ಜೊತೆಗೆ, ಪೈಪರಿನ್ ಬೇರೆ ಔಷಧಿಗಳನ್ನೂ ಹೀಗೆಯೇ ಹೆಚ್ಚು ಹೀರಿಸಬಹುದು. ರಾತ್ರಿಯ ಹಾಲಿಗೆ ಚಿಟಿಕೆ ಮೆಣಸು ಹಾಕಿ, ರುಚಿಯಾಗಿರುತ್ತದೆ. ಅದನ್ನು ಚಿಕಿತ್ಸೆ ಅಂದುಕೊಂಡು ಡಾಕ್ಟರ ಮಾತ್ರೆ ಬಿಡಬೇಡಿ.

ಅರಿಶಿನದ ಪೇಟೆಂಟನ್ನು ಅಮೆರಿಕದವರು ತೆಗೆದುಕೊಂಡಿದ್ದರಂತೆ, ನಿಜವಾ?

ನಿಜ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತ್ತು. ನಮ್ಮ ಪ್ರತಿ ಮನೆಯಲ್ಲೂ ಮಕ್ಕಳ ಮೊಣಕಾಲಿಗೆ ಹಚ್ಚುವುದನ್ನು ಹೊಸ ಆವಿಷ್ಕಾರ ಅಂದರೆ ಸುಮ್ಮನಿರಲು ಆಗುತ್ತದಾ? ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್ ಅದನ್ನು ಪ್ರಶ್ನಿಸಿತು. ಆಗ ಅದರ ಮಹಾನಿರ್ದೇಶಕರಾಗಿದ್ದವರು ರಘುನಾಥ ಮಾಶೇಲ್ಕರ್. ಹುಟ್ಟಿದ್ದು ಗೋವಾದ ಮಾಶೇಲ್‌ನಲ್ಲಿ. ಮಹಾನಿರ್ದೇಶಕರಾಗುವ ಮುಂಚೆ ಅವರು ನಮ್ಮ ಪುಣೆಯ ಪಾಷಾಣ ಬಡಾವಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರು. ಹಳೆಯ ಗ್ರಂಥಗಳು, 1953ರ ಒಂದು ವೈದ್ಯಕೀಯ ಲೇಖನ ಸೇರಿ 32 ದಾಖಲೆಗಳನ್ನು ಮುಂದಿಟ್ಟರು. 1997ರಲ್ಲಿ ಪೇಟೆಂಟ್ ರದ್ದಾಯಿತು. ಪಾಷಾಣ ರಸ್ತೆಯಲ್ಲಿ ಆ ಪ್ರಯೋಗಾಲಯದ ಮುಂದೆ ಹೋಗುವಾಗ ಮಕ್ಕಳಿಗೆ ಈ ಕಥೆ ಹೇಳಿ.

ಒಂದು ತಪ್ಪು ತಿಳಿವಳಿಕೆ ಬೇಡ. ರದ್ದಾದದ್ದು ‘ಇದು ಹೊಸದಲ್ಲ’ ಅನ್ನುವ ಕಾರಣಕ್ಕೆ. ಅರಿಶಿನ ಎಲ್ಲ ಗಾಯವನ್ನೂ ಮಾಯಿಸುತ್ತದೆ ಅಂತ ಅಲ್ಲಿ ಯಾರೂ ತೀರ್ಪು ಕೊಡಲಿಲ್ಲ. ಆಳವಾದ ಗಾಯಕ್ಕೆ, ಸುಟ್ಟ ಗಾಯಕ್ಕೆ ಅಡುಗೆಮನೆಯ ಪುಡಿ ತುಂಬಬೇಡಿ.

ಕಸ್ತೂರಿ ಅರಿಶಿನ, ಆಂಬೆ ಹಳದ ಇವೂ ಇದೇನಾ?

ಬಂಧುಗಳು, ಆದರೆ ಬೇರೆ ಗಿಡಗಳು. ಕಸ್ತೂರಿ ಅರಿಶಿನದಲ್ಲಿ ಘಮ ಜಾಸ್ತಿ, ಹಳದಿ ಕಡಿಮೆ. ಅದಕ್ಕೇ ಮುಖಕ್ಕೆ ಅದನ್ನು ಹಚ್ಚುತ್ತಾರೆ. ಆಂಬೆ ಹಳದ ಅಂದರೆ ನಮ್ಮ ಮಾವಿನ ಶುಂಠಿ. ಚಳಿಗಾಲದಲ್ಲಿ ಮಂಡಈಯಲ್ಲಿ (ತರಕಾರಿ ಮಾರುಕಟ್ಟೆಯಲ್ಲಿ) ಅದೂ, ಹಸಿ ಅರಿಶಿನವೂ ಪಕ್ಕಪಕ್ಕದಲ್ಲೇ ಸಿಗುತ್ತವೆ. ಎರಡನ್ನೂ ಹೆಚ್ಚಿ, ಉಪ್ಪು, ನಿಂಬೆರಸ ಹಾಕಿ ಉಪ್ಪಿನಕಾಯಿ ಮಾಡಿ ನೋಡಿ.

ಬಾಲ್ಕನಿಯಲ್ಲಿ ಬೆಳೆಯಬಹುದಾ?

ಬೆಳೆಯಬಹುದು. ಮೇ ಕೊನೆಗೆ, ಮೊಳಕೆ ಕಂಡ ಹಸಿ ತುಂಡನ್ನು ಅಗಲವಾದ ಕುಂಡದಲ್ಲಿ ಎರಡು ಬೆರಳು ಆಳಕ್ಕೆ ನೆಡಿ. ನೀರು ನಿಲ್ಲಬಾರದು. ಅರ್ಧ ದಿನ ಬಿಸಿಲು ಸಾಕು. ಎಂಟೊಂಬತ್ತು ತಿಂಗಳಿಗೆ, ಎಲೆ ಒಣಗಿದ ಮೇಲೆ ಕಿತ್ತುಕೊಳ್ಳಿ. ಕುಂಡದಲ್ಲಿ ಬೆಳೆದದ್ದು ವರ್ಷದ ಪುಡಿಗೆ ಸಾಲುವುದಿಲ್ಲ. ಆದರೆ ಶ್ರಾವಣದ ಹೊತ್ತಿಗೆ ಎಲೆ ಧಾರಾಳ. ನಾಗರ ಪಂಚಮಿಗೆ ಕರಾವಳಿಯವರ ಅರಿಶಿನ ಎಲೆಯ ಕಡುಬಿಗೆ, ಗೋವಾದವರ ಪಾತೊಳ್ಯೊಗೆ ಅದೇ ಬೇಕು. ಎಲೆ ಕೀಳುವಾಗ ಒಂದೇ ಗಿಡವನ್ನು ಬೋಳು ಮಾಡಬೇಡಿ. ಹೊರಗಿನ ಒಂದೆರಡು ಎಲೆ ಮಾತ್ರ ತೆಗೆದರೆ ಮಣ್ಣೊಳಗಿನ ಗೆಡ್ಡೆ ಚೆನ್ನಾಗಿ ಬಲಿಯುತ್ತದೆ.